ಕಬ್ಬಿಣದ ಮೇಲಿನ ಬರಹ

ಹಲಸೂರಿನ ಸೋಮೇಶ್ವರ ದೇವಾಲಯಕ್ಕೆ ಹೋದ ಬಲ್ಲವರು ಕಂಬಗಳ ಕೆತ್ತನೆಯ ವರಸೆಯನ್ನು ನೋಡಿಯೇ ಇದು ವಿಜಯನಗರದ ಶೈಲಿ ಎಂದು ಹೇಳಿಬಿಡುತ್ತಾರೆ. ಕಂಬ ತನ್ನ ಹೆಸರು ಹೇಳಿಕೊಳ್ಳದಿದ್ದರೂ ಅದರ ರೂಪವೇ ಅದರ ಕಾಲವನ್ನು ಹೇಳುತ್ತದೆ. ಹಲಸೂರಿನ ನೆರೆಯ ಶಿವಾಜಿನಗರ ಗುಜರಿ ವ್ಯಾಪಾರಕ್ಕೆ ಹೆಸರಾದುದು. ಕಳಚಿಹಾಕಿದ ಮೋಟಾರುಗಳ ಅಂಗಾಂಗಗಳಿಗೂ ರೂಪವುಂಟು, ಕಾಲವುಂಟು. ಓದುವವರು ಮಾತ್ರ ಕಡಮೆ. ಕಲ್ಲನ್ನು ಓದುವ ವಿದ್ಯೆಯಿಂದ ಕಬ್ಬಿಣವನ್ನೂ ಓದಬಹುದೆ? ಓಟದ ಮೋಟಾರಿನ ಕ್ಯಾಮ್ ಷಾಫ್ಟನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ಇಂಜಿನ್ನಿನ ಕವಾಟಗಳನ್ನು ಹೊತ್ತಿಗೆ ಸರಿಯಾಗಿ ಎತ್ತಿ ಇಳಿಸುವ ಸರಳಿಗೆ ಈ ಹೆಸರು. ಅದರ ಮೈಮೇಲೆ ಸಾಲಾಗಿ ಮೊಟ್ಟೆಯಾಕಾರದ ಉಬ್ಬುಗಳಿರುತ್ತವೆ; ಇವೇ ಕ್ಯಾಮುಗಳು. ಉಬ್ಬು ಎತ್ತರವಾದಷ್ಟೂ ಕವಾಟ ಹೆಚ್ಚು ತೆರೆಯುತ್ತದೆ. ಉಬ್ಬಿನ ಹೆಗಲು ಅಗಲವಾದಷ್ಟೂ ಹೆಚ್ಚು ಹೊತ್ತು ತೆರೆದಿರುತ್ತದೆ. ಅತಿವೇಗದಲ್ಲಿ ಸಿಲಿಂಡರು ಉಸಿರೆಳೆಯಲು ಸಿಕ್ಕುವ ಅವಧಿ ಬಲು ಕಿರಿದು. ಆದುದರಿಂದ ಓಟದ ಕ್ಯಾಮು ಎತ್ತರವಾಗಿಯೂ ಅಗಲವಾಗಿಯೂ ಇರುತ್ತದೆ. ಇಂಥ ಇಂಜಿನ್ನು ನಿಧಾನಗತಿಯಲ್ಲಿ ತಡವರಿಸುತ್ತದೆ, ವೇಗದಲ್ಲಿ ಹುರಿದುಂಬುತ್ತದೆ.

1932ರಲ್ಲಿ ಫೋರ್ಡ್ ಕಂಪನಿ ಅಗ್ಗದ ಕಾರಿಗೆ ಎಂಟು ಸಿಲಿಂಡರಿನ ವಿ-8 ಇಂಜಿನ್ನನ್ನು ಅಳವಡಿಸಿತು. ಮೊದಲಿಗೆ ಅದರ ಶಕ್ತಿ 65 ಅಶ್ವಬಲ. ಎರಡನೆಯ ಮಹಾಯುದ್ಧದಲ್ಲಿ ಇದೇ ವಂಶದ ಇಂಜಿನ್ನುಗಳನ್ನು ಹೊತ್ತ ಕೆನಡಾದ ಸೈನಿಕ ವಾಹನಗಳು ಭಾರತದ ಸೇನೆಗೂ ಬಂದವು. ಅತ್ತ ಕ್ಯಾಲಿಫೋರ್ನಿಯಾದ ತರುಣರು ಹಳೆಯ ಫೋರ್ಡುಗಳನ್ನು ಕೊಂಡು, ಷಾಫ್ಟನ್ನು ಹೊರತೆಗೆಸಿ, ಉಬ್ಬುಗಳನ್ನು ಬೇರೆ ಆಕಾರಕ್ಕೆ ಸಾಣೆ ಹಿಡಿಸಿದರು. ಎಡ್ ವಿನ್‌ಫೀಲ್ಡ್ ಈ ಕೈಗಾರಿಕೆಯ ಹಿರಿಯ. ಯುದ್ಧಾನಂತರ ಹೆಸರಾದವರಲ್ಲಿ ಎಡ್ ಇಸ್ಕೆಂಡೇರಿಯನ್ ಒಬ್ಬ. 1950ರಲ್ಲಿ ಸಾಂಟಾ ಆನಾದ ವಿಮಾನನಿಲ್ದಾಣದ ಪಟ್ಟಿಯ ಮೇಲೆ ಕಾಲು ಮೈಲಿಯ ನೇರ ಓಟಗಳು ಕ್ರಮವಾಗಿ ಮೊದಲಾದವು. ನಮ್ಮ ನೆರೆಯ ಮದರಾಸಿನ ಶೋಳವರಂನಲ್ಲಿಯೂ ಹಿಂದೆ ಮೋಟಾರು ಪಂದ್ಯಗಳು ನಡೆದದ್ದು ಯುದ್ಧಕಾಲದ ವಿಮಾನಪಟ್ಟಿಯ ಮೇಲೆಯೇ. ಸೈನ್ಯದ ಸಾಮಾನು ಹೊತ್ತ ಇಂಜಿನ್ನೂ ಓಟ ಗೆದ್ದ ಇಂಜಿನ್ನೂ ಒಂದೇ ಕುಲದವಾದ ಮೇಲೆ, ಎದುರಿಗೆ ಬಿದ್ದಿರುವ ಷಾಫ್ಟು ಯಾವುದರದು ಎಂದು ಹೇಳುವುದು ಹೇಗೆ?

ಮೊದಲು ಎಣಿಸಬೇಕು. ಈ ಫೋರ್ಡಿನ ಷಾಫ್ಟಿನಲ್ಲಿ ಕವಾಟಗಳನ್ನೆತ್ತುವ ಉಬ್ಬುಗಳು ಹದಿನಾರು, ಬೇರಿಂಗಿನ ಪೀಠಗಳು ಮೂರು. ಉಬ್ಬುಗಳು ಯಾವ ಕೋನದಲ್ಲಿ ಒಂದರ ಹಿಂದೊಂದು ಬರುತ್ತವೆ ಎಂಬುದರಿಂದ ಸಿಲಿಂಡರುಗಳು ಉರಿಯುವ ಸರದಿ ತಿಳಿಯುತ್ತದೆ, ಕುಲನಿರ್ಣಯವಾಗುವುದು ಇಲ್ಲಿ. ಆಮೇಲೆ ಗುರುತುಗಳನ್ನು ನೋಡಬೇಕು. ಮೈಮೇಲೆ ಎರಕದಲ್ಲಿಯೇ ಮೂಡಿದ ಅಂಕಿ ಎರಕ ಹೊಯ್ದವನದು. ತುದಿಯ ಮುಖದ ಮೇಲೆ ಉಳಿಯಿಂದ ಒತ್ತಿದ ಹೆಸರೋ ಸಂಖ್ಯೆಯೋ ಇದ್ದರೆ ಅದು ಸಾಮಾನ್ಯವಾಗಿ ಸಾಣೆ ಹಿಡಿದವನದು. ಇವೆರಡನ್ನೂ ಒಂದೇ ಎಂದೆಣಿಸಿದರೆ ನಿರ್ಣಯ ಕೆಡುತ್ತದೆ.

ಕಡೆಗೆ ಅಳೆಯಬೇಕು. ಉಬ್ಬಿನ ಪೂರ್ಣ ಎತ್ತರದಿಂದ ಅದರ ತಳವೃತ್ತದ ವ್ಯಾಸವನ್ನು ಕಳೆದರೆ ಕ್ಯಾಮು ಎಷ್ಟು ಎತ್ತುತ್ತದೆ ಎಂಬ ಲೆಕ್ಕ ಬರುತ್ತದೆ. ಹಳೆಯ ಷಾಫ್ಟನ್ನೇ ಮತ್ತೆ ಸಾಣೆ ಹಿಡಿದು ಎತ್ತರವನ್ನು ಹೆಚ್ಚಿಸಿದ್ದರೆ ತಳವೃತ್ತ ಕುಗ್ಗಿರುತ್ತದೆ. ಏಕೆಂದರೆ ಸಾಣೆಗಲ್ಲು ಲೋಹವನ್ನು ತೆಗೆಯಬಲ್ಲುದೇ ಹೊರತು ಸೇರಿಸಲಾರದು. ಕವಾಟ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದನ್ನು ಡಿಗ್ರಿಗಳ ಚಕ್ರವೊಂದನ್ನು ಕಟ್ಟಿ, ಮುಳ್ಳಿನ ಮಾಪಕದಿಂದ ಅಳೆಯುತ್ತಾರೆ. ಒಂದು ಉಬ್ಬು ಸವೆದಿರಬಹುದಾದ್ದರಿಂದ ಹದಿನಾರನ್ನೂ ಅಳೆದು ಹೋಲಿಸುವುದು ವಿಹಿತ.

ಶಾಸನಶಾಸ್ತ್ರ ಬಲ್ಲವರಿಗೆ ಈ ಮಾರ್ಗ ಹೊಸದೆನಿಸದು. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲಿನಲ್ಲಿ ವರ್ಷದ ಉಲ್ಲೇಖವಿಲ್ಲ. ಗಂಗರ ಶ್ರೀಪುರುಷನ ಹೆಸರೂ ಲಿಪಿಯ ರೂಪವೂ ಸೇರಿ ಅದನ್ನು ಸುಮಾರು ಕ್ರಿ.ಶ. 750ಕ್ಕೆ ಒಯ್ದವು. ಇನ್ನೊಂದು ಕಡೆ, ಗಂಗರ ಹೆಸರು ಹೊತ್ತ ಕೆಲವು ತಾಮ್ರಪಟಗಳನ್ನು ಕೂಟಶಾಸನಗಳೆಂದು ಫ್ಲೀಟರು ವಾದಿಸಿದರು. ಬರೆದಿರುವ ಹೆಸರಿಗಿಂತ ಅಕ್ಷರದ ಮೈಕಟ್ಟು ಹೆಚ್ಚು ನಿಜ ಹೇಳುತ್ತದೆ ಎಂಬುದು ಅಲ್ಲಿಯ ಪಾಠ. ಷಾಫ್ಟಿನ ತುದಿಯಲ್ಲಿ ದೊಡ್ಡ ಹೆಸರಿದ್ದು ಅಳತೆ ಮಾತ್ರ ಕಾರ್ಖಾನೆಯದಾಗಿದ್ದರೆ, ನಂಬಬೇಕಾದುದು ಅಳತೆಯನ್ನು.

ಇದೆಲ್ಲ ಹಳೆಯ ಕಬ್ಬಿಣದ ಮೇಲಣ ಮೋಹವೆಂದು ಯಾರಾದರೂ ನಗಬಹುದು. ಆದರೆ ಗುಜರಿಯ ತಕ್ಕಡಿ ಎಲ್ಲ ಕಬ್ಬಿಣವನ್ನೂ ಒಂದೇ ದರದಲ್ಲಿ ತೂಗುತ್ತದೆ; ಕುಲುಮೆಗೆ ಭೇದವೇ ತಿಳಿಯದು. ರೈಸರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದರು. ಅದರಲ್ಲಿರುವ ಎಷ್ಟೋ ಕಲ್ಲುಗಳು ಇಂದು ಇದ್ದ ಸ್ಥಳದಲ್ಲಿಲ್ಲ. ಪಾಠ ಉಳಿದದ್ದು ಬರೆದಿಟ್ಟದ್ದರಿಂದ. ಮೋಟಾರುಗಳ ಕಾಲಕ್ಕೆ ಅಂಥ ಸಂಪುಟವನ್ನು ಒಬ್ಬರೇ ಬರೆಯಲಾಗದು. ಬಿಚ್ಚುವ ಮೆಕ್ಯಾನಿಕ್ಕು, ಕೊಳ್ಳುವ ವರ್ತಕ, ಸಂಗ್ರಹಿಸುವ ರಸಿಕ, ಮೂವರೂ ಕೈಗೂಡಿಸಬೇಕು. ಉಪ್ಪುಕಾಗದದಿಂದ ಉಜ್ಜಿ ಹೊಳಪಿಸುವ ಮುನ್ನ ಅಂಕಿಗಳನ್ನು ನಕಲು ಮಾಡಲಿ. ಯಾವ ವಾಹನದಿಂದ ಬಂತೆಂದು ಚೀಟಿ ಕಟ್ಟಲಿ. ಆ ಚೀಟಿ ಕಳೆದರೆ ಉಳಿಯುವುದು ಉಬ್ಬುಗಳುಳ್ಳ ಒಂದು ಸರಳು. ಅದು ಯಾವ ಇಂಜಿನ್ನಿನಲ್ಲಿ ತಿರುಗಿತು, ಯಾರನ್ನು ಹೊತ್ತು ಓಡಿತು ಎಂಬುದನ್ನು ಎಂಥ ಮಾಪಕವೂ ಅಳೆಯಲಾರದು.