ಕತೆ ಹೇಳಿದೋಳ ಹೆಸರೆಲ್ಲಿ?

ಹೋದ ಅವರೆಕಾಯಿ ಕಾಲದಲ್ಲಿ ನಮ್ಮನೆ ಹಜಾರದಲ್ಲಿ ಐದಾರು ಜನ ಕೂತು ಹಿತ್ಕಿದ ಬೇಳೆ ಮಾಡ್ತಿದ್ವಿ. ಆ ಕೆಲಸ ನಿಮಗೆಲ್ಲ ಗೊತ್ತೇ ಐತಲ್ಲ, ಕೈಗೆ ಬಿಡುವಿಲ್ಲ, ಬಾಯಿಗೆ ಕೆಲಸವಿಲ್ಲ. ಅತ್ತೆ ಒಂದು ಕತೆ ತೆಗೆದ್ರು. ನಮ್ಮ ತಂಗಿ ಮಗಳು ಕಾಲೇಜಿಗೆ ಜನಪದ ಕತೆ ಬರ್ಕೊಂಡು ಹೋಗ್ಬೇಕಿತ್ತು, ಫೋನಲ್ಲಿ ರೆಕಾರ್ಡ್ ಮಾಡ್ಕೊಂಡ್ಳು. ನಾಲ್ಕು ದಿನ ಆದ್ಮೇಲೆ ಬರೆದದ್ದನ್ನ ತಂದು ಓದಿದ್ಳು. ಅತ್ತೆ "ಒಂದೂರಾಗೆ ಒಬ್ಳು ಮುದುಕಿ ಇದ್ಲಂತೆ" ಅಂದಿದ್ದು "ಒಂದಾನೊಂದು ಗ್ರಾಮದಲ್ಲಿ ವೃದ್ಧೆಯೊಬ್ಬಳು ವಾಸಿಸುತ್ತಿದ್ದಳು" ಆಗಿತ್ತು. ಕೆಳಗೆ "ಸಂಗ್ರಹ" ಅಂತ ಇವಳ ಹೆಸರು. ಅತ್ತೆ ಪೂರ್ತಿ ಕೇಳಿ, "ಚೆನ್ನಾಗೈತೆ ಕಣವ್ವ, ಯಾರು ಯೋಳಿದ್ದು ಈ ಕತೆಯ?" ಅಂದ್ರು. ನಾವೆಲ್ಲ ನಕ್ವಿ. ಅತ್ತೆ ನಗಲಿಲ್ಲ.

ಅವತ್ತಿಂದ ಈ ಮಾತು ನನ್ನ ತಲೇಲೇ ಇತ್ತು. ಹುಡುಕ್ತಾ ಹೋದ್ರೆ ಇದು ಇವತ್ತಿನ ಸಂಗತಿ ಅಲ್ಲ, ನೂರೈವತ್ತು ವರ್ಷಕ್ಕೂ ಹಳೇದು.

1865-66ರ ಚಳಿಗಾಲದಲ್ಲಿ ಬೊಂಬಾಯಿ ಗವರ್ನರ್ ಬಾರ್ಟಲ್ ಫ್ರಿಯರ್ ದಕ್ಷಿಣ ಮರಾಠಾ ಸೀಮೆಗೆ ಪ್ರವಾಸ ಹೊರಟ್ರು. ಜೊತೆಗೆ ಮಗಳು ಮೇರಿ ಫ್ರಿಯರ್, ಆಕೆಯನ್ನ ನೋಡ್ಕೊಳ್ಳೋಕೆ ಆಯಾ ಅನ್ನಾ ಲಿಬರಾಟಾ ಡಿಸೋಜಾ. ದಾರಿ ಬೇಜಾರು ಕಳೆಯೋಕೆ ಮೇರಿ ಕತೆ ಹೇಳು ಅಂದ್ರೆ, ಅನ್ನಾ ತನ್ನ ಅಜ್ಜಿಯಿಂದ ಕೇಳಿದ ಕತೆಗಳನ್ನ ಹೇಳಿದ್ಳು. ಅವು 1868ರಲ್ಲಿ 'ಓಲ್ಡ್ ಡೆಕ್ಕನ್ ಡೇಸ್' ಅನ್ನೋ ಪುಸ್ತಕ ಆಗಿ ಬಂದ್ವು. ನಮ್ಮ ದೇಶದ ಕತೆಗಳನ್ನ ಬಾಯಿಂದ ಕೇಳಿ ಇಂಗ್ಲಿಷಲ್ಲಿ ಅಚ್ಚು ಹಾಕಿದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಪುಸ್ತಕ ಮೇರಿ ಫ್ರಿಯರ್ ಹೆಸರಲ್ಲೇ ಬಂತು. ಆದ್ರೂ ಆಯಮ್ಮ ಒಂದು ಒಳ್ಳೇ ಕೆಲಸ ಮಾಡಿದ್ರು. ಅನ್ನಾ ತನ್ನ ಬದುಕಿನ ಬಗ್ಗೆ ಹೇಳ್ಕೊಂಡದ್ದನ್ನೂ ಬರ್ಕೊಂಡು ಪುಸ್ತಕದ ಮುಂದ್ಗಡೆ ಸೇರಿಸಿದ್ರು. ತಾತನ ಮನೆಯವರು ಲಿಂಗಾಯಿತರಾಗಿದ್ದು, ಕಲ್ಲಿಕೋಟೆಯಿಂದ ಗೋವಾ ಕಡೆಗೆ ಬಂದು ನೆಲೆ ನಿಂತದ್ದು, ಅಲ್ಲಿ ತಾತ ಕ್ರೈಸ್ತನಾದದ್ದು, ಗಂಡ ಹೋದ್ಮೇಲೆ ಕೂಲಿ-ನಾಲಿ ಮಾಡಿ ಮಕ್ಕಳನ್ನ ಸಾಕಿದ್ದು, ಎಲ್ಲ ಅದರಲ್ಲೈತೆ. ರಾಜ-ರಾಣಿ ಕತೆ ಹೇಳಿದೋಳ ಹಿಂದೆ ಇಂಥ ಬದುಕಿತ್ತು ಅಂತ ನಮಗೆ ಗೊತ್ತಾಗೋದು ಆ ಕೆಲವು ಪುಟ ಉಳಿದದ್ದಕ್ಕೆ.

ಇನ್ನು ನಮ್ಮ ಕನ್ನಡಕ್ಕೆ ಬರೋಣ. 1929ರಲ್ಲಿ ಮೈಸೂರಲ್ಲಿ ಹುಟ್ಟಿ ಶಿಕಾಗೋದಲ್ಲಿ ಪಾಠ ಹೇಳ್ತಿದ್ದ ಎ.ಕೆ. ರಾಮಾನುಜನ್ ಹೆಸರು ಕೇಳೇ ಇರ್ತೀರ. ಬೆಳಗಾವಿಯಲ್ಲಿ ಮೇಷ್ಟ್ರಾಗಿದ್ದ ಕಾಲದಿಂದಲೇ ಅವರು ಕನ್ನಡದ ಕತೆ ಕೂಡಿಸ್ತಾ ಬಂದವರು. 1993ರಲ್ಲಿ ಅವರು ಹೋದ್ಮೇಲೆ, 1997ರಲ್ಲಿ ಆ ಕತೆಗಳ ಇಂಗ್ಲಿಷ್ ಪುಸ್ತಕ ಬಂತು. ಮಕ್ಕಳಿಗೆ ತುತ್ತು ಹಾಕ್ತಾ ಅಡಿಗೆಮನೇಲಿ ಅಜ್ಜಿ, ಅತ್ತೆಯರು ಹೇಳೋ ಕತೆಗಳನ್ನ ಅವರು ಪುರಾಣದಷ್ಟೇ ಗೌರವದಿಂದ ಓದಿದ್ರು.

ಹೂವಿನ ಗಿಡ ಆಗೋ ಹುಡುಗಿ ಕತೆ ಐತಲ್ಲ, ಗಿರೀಶ್ ಕಾರ್ನಾಡರು 'ಚೆಲುವಿ' ಸಿನಿಮಾ ಮಾಡಿದ್ದು, ಅದೂ ಅವರು ಕೂಡಿಸಿದ ಕತೆಗಳಲ್ಲೊಂದು. ತಂಬಿಗೆ ನೀರು ಹುಯ್ದರೆ ಹುಡುಗಿ ಗಿಡ ಆಗ್ತಾಳೆ, ಹೂವು ಮಾತ್ರ ಬಿಡಿಸ್ಬೇಕು, ಚಿಗುರು ಕೀಳಂಗಿಲ್ಲ, ರೆಂಬೆ ಮುರಿಯಂಗಿಲ್ಲ. ಮದುವೆ ಆಗಿ ಹೋದ ಮನೇಲಿ ನಾದಿನಿ ಗೆಳತೀರು ರೆಂಬೆ ಮುರೀತಾರೆ, ಹುಡುಗಿ ಕೈಕಾಲಿಲ್ಲದಂಗೆ ಆಗ್ತಾಳೆ. ಇದರಲ್ಲಿ ರಾಮಾನುಜನ್ ಒಂದು ಸೂಕ್ಷ್ಮ ಕಂಡ್ರು. ಗಂಡಸರ ಸಾಹಸದ ಕತೆ ಮದುವೇಲಿ ಮುಗಿಯುತ್ತೆ. ಹೆಂಗಸರ ಕತೇಲಿ ಮದುವೆ ನಡುವೇನೇ ಬರುತ್ತೆ, ಕಷ್ಟ ಶುರುವಾಗೋದೇ ಅಲ್ಲಿಂದ. ನಮಗಿದು ಹೊಸ ಮಾತಾ? ಗಂಡನ ಮನೆ ಹೊಸಿಲು ದಾಟಿದೋಳಿಗೆಲ್ಲ ಗೊತ್ತಿರೋದೇ. ಆದ್ರೆ ಕತೆ ಹೇಳೋರು ಹೆಂಗಸರು ಅನ್ನೋದನ್ನ ಮರೆತು ಓದಿದ್ರೆ ಇದು ಕಾಣಾಕಿಲ್ಲ.

ಹೇಳಿದೋಳ ಹೆಸರೇ ಮುಂದಾದದ್ದೂ ಉಂಟು. ಅಂಕೋಲದ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಹಾಲಕ್ಕಿ ಒಕ್ಕಲಿಗರ ಹೆಣ್ಣುಮಗಳು. ಅಕ್ಷರ ಕಲೀಲಿಲ್ಲ, ಹಾಡು ಮಾತ್ರ ಕಣಜದಷ್ಟಿತ್ತು. ಮನೆ ಮನೆ ಹಾಳು ಮಾಡ್ತಿದ್ದ ಹೆಂಡದ ವಿರುದ್ಧ ಹೆಂಗಸರನ್ನ ಕಟ್ಕೊಂಡು ನಿಂತವರು. ಅವರ ಹಾಡು ಬೇರೆ, ಬದುಕು ಬೇರೆ ಅಂತ ಇರ್ಲಿಲ್ಲ. ಕೊರಳ ತುಂಬ ಮಣಿಸರದ ಆಯಮ್ಮಂಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರ್ಕೊಂಡ್ರು.

ನಮ್ಮ ತ್ಯಾಮಗೊಂಡ್ಲು ಪಕ್ಕದ ಮಣ್ಣೆಯನ್ನೇ ನೋಡಿ. ಗಂಗರ ಕಾಲದ ಮಾನ್ಯಪುರ ಅದು, 8ನೇ ಶತಮಾನದಲ್ಲಿ ಶ್ರೀಪುರುಷ ರಾಜ ಇದ್ದ ಜಾಗ. ಭೂಮಿ ಕೊಟ್ಟೋರ ಹೆಸರು, ತಗೊಂಡೋರ ಹೆಸರು ತಾಮ್ರದ ಮೇಲೆ, ಕಲ್ಲಿನ ಮೇಲೆ ಕೆತ್ತಿದ್ರು. ಬಿ.ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆ ಶಾಸನಗಳನ್ನ ಅಚ್ಚು ಹಾಕಿಸಿದಾಗ ನಮ್ಮ ನೆಲಮಂಗಲ ತಾಲ್ಲೂಕಿನವೂ ಸೇರಿದ್ವು. ಆ ಗದ್ದೇಲಿ ನಾಟಿ ಹಾಕಿದ ಹೆಂಗಸರು ಏನು ಹಾಡ್ಕೊಂಡ್ರೋ, ಅದನ್ನ ಯಾರೂ ಕೆತ್ತಲಿಲ್ಲ. ಅದು ಉಳಿದಿದ್ರೆ ಬಾಯಲ್ಲೇ ಉಳೀಬೇಕು.

ರಾಮಾನುಜನ್ ಕೂಡಿಸಿದ ಇನ್ನೊಂದು ಕತೆ ಹೇಳ್ತೀನಿ. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತಂತೆ. ಯಾರಿಗೂ ಹೇಳ್ತಿರಲಿಲ್ಲ. ಒಳಗೇ ಉಸಿರು ಕಟ್ಟಿದಂಗಾಗಿ, ಒಂದಿನ ಅವಳು ನಿದ್ದೆ ಮಾಡ್ತಿದ್ದಾಗ ಎರಡೂ ಈಚೆ ಬಂದ್ವಂತೆ. ಕತೆ ಬಾಗಿಲಲ್ಲಿ ಜೋಡು ಆಯ್ತು, ಹಾಡು ಗೂಟದ ಮೇಲೆ ಕೋಟು ಆಯ್ತು. ಗಂಡ ಬಂದು ಯಾರ್ದಿದು ಅಂತ ಜಗಳ ತೆಗೆದ, ಮುನಿಸ್ಕೊಂಡು ಹನುಮಂತರಾಯನ ಗುಡೀಲಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಅಲ್ಲಿ ಸೇರಿ ಮಾತಾಡ್ಕೊಂಡದ್ದರಿಂದ ನಿಜ ತಿಳೀತು. ಮನೆಗೆ ಬಂದು ನಿನ್ನ ಕತೆ ಯಾವ್ದು, ಹಾಡು ಯಾವ್ದು ಅಂದ್ರೆ, ಅವಳು "ಯಾವ ಕತೆ? ಯಾವ ಹಾಡು?" ಅಂದ್ಳಂತೆ. ಅಷ್ಟೊತ್ತಿಗೆ ಎರಡೂ ಮರ್ತೋಗಿದ್ವು.

ನಮ್ಮ ಹುಡುಗಿಗೆ ಈ ಕತೆ ಹೇಳಿದೆ. ಅತ್ತೆ ಮಾತನ್ನ ಇದ್ದಂಗೇ ಬರೀತೀನಿ ಅಂತ ಫೋನ್ ನೋಡಿದ್ರೆ, ಜಾಗ ಇಲ್ಲ ಅಂತ ರೆಕಾರ್ಡ್ ಅಳಿಸಿಬಿಟ್ಟಿದ್ಳು. ಮತ್ತೆ ಕೇಳಿದ್ವಿ. ಅತ್ತೆ ಹೇಳಿದ್ರು. ಆದ್ರೆ ನಡುವೆ ಮುದುಕಿ ಹೇಳೋ ಒಂದು ಹಾಡಿತ್ತು, ನಾಲ್ಕು ಸಾಲು. ಅದು ಬರಲೇ ಇಲ್ಲ. "ಬಾಯಿಗೆ ಬತ್ತಾ ಇಲ್ಲ ಕಣವ್ವ" ಅಂತ ಸುಮ್ಮನಾದ್ರು.

ಅದಕ್ಕೇ ಕೇಳ್ಕೊಳ್ಳೋದು ಇಷ್ಟು. ಮನೇಲಿ ಹಿರೀರು ಕತೆ ಹೇಳಿದ್ರೆ ಅವರ ಮಾತಲ್ಲೇ ಬರೀರಿ, "ಐತೆ" ಅಂದ್ರೆ "ಐತೆ" ಅಂತಲೇ ಇರ್ಲಿ. ಮೇಲೆ ಅವರ ಹೆಸರು, ಅವರ ತೌರು ಯಾವೂರು, ಯಾರಿಂದ ಕೇಳಿದ್ದು, ಇಷ್ಟನ್ನೂ ಬರೀರಿ. ನಿಮ್ಮ ಹೆಸರು ಕೊನೇಲಿದ್ರೆ ಸಾಕು. ನಮ್ಮ ಹುಡುಗಿ ಹೊಸದಾಗಿ ಬರೆದದ್ದರಲ್ಲಿ ಅತ್ತೆ ಹೆಸರು ಮೇಲೈತೆ. ನಡುವೆ ನಾಲ್ಕು ಸಾಲಿನ ಜಾಗ ಖಾಲಿ ಬಿಟ್ಟವ್ಳೆ.