ಬಿಪಿ ಕುಸಿಯುವ ಮುನ್ನ: ಮಕ್ಕಳಲ್ಲಿ ರಕ್ತಸ್ರಾವದ ಶಾಕ್ ಮತ್ತು ಮೈಸೂರು ರಸ್ತೆಯ ಮೊದಲ ಗಂಟೆ

ಬೆಂಗಳೂರಿನ ದೀಪಾಂಜಲಿ ನಗರದ ಮೆಟ್ರೋ ಹಳಿಯ ಪಕ್ಕದಲ್ಲಿ, ಮೈಸೂರು ರಸ್ತೆಯಲ್ಲಿ ವಾಹನ ಬಡಿದ ಮಗುವನ್ನು ಜನ ಮೊದಲು ಎತ್ತಿಕೊಂಡು ಓಡುವುದು ಹತ್ತಿರದ ನರ್ಸಿಂಗ್ ಹೋಮ್‌ಗೆ. ವಿಕ್ಟೋರಿಯಾ, ವಾಣಿ ವಿಲಾಸ ಆಸ್ಪತ್ರೆಗಳನ್ನು ಮುಟ್ಟಲು ಸಿರ್ಸಿ ವೃತ್ತ ದಾಟಿ ಮಾರುಕಟ್ಟೆಯವರೆಗೆ ಸಾಗಬೇಕು. ಆ ನಡುವಿನ ವೇಳೆಯನ್ನು ‘ಬಿಪಿ ನಾರ್ಮಲ್ ಇದೆ’ ಎಂಬ ಮಾತು ನುಂಗಬಾರದು ಎಂಬುದೇ ಇಲ್ಲಿನ ವಾದ.

ರಕ್ತ ಹೋದಂತೆ ಮಕ್ಕಳ ರಕ್ತನಾಳಗಳು ಬಿಗಿಯುತ್ತವೆ, ಎದೆಬಡಿತ ಏರುತ್ತದೆ, ಸುಮಾರು ಶೇ. 30ರಷ್ಟು ರಕ್ತ ಹೋಗುವವರೆಗೂ ಬಿಪಿ ನಿಂತೇ ಇರಬಹುದು. 4 ವರ್ಷದ, 15 ಕಿಲೋ ತೂಕದ ಮಗುವಿನ ಲೆಕ್ಕ ನೋಡಿ. ಕಿಲೋಗೆ 80 ಮಿ.ಲೀ.ನಂತೆ ಮೈಯಲ್ಲಿರುವುದು 1200 ಮಿ.ಲೀ. ರಕ್ತ. 360 ಮಿ.ಲೀ. ಹೋದರೆ, ಎಂದರೆ ರಕ್ತನಿಧಿಯ ಒಂದು ಸಣ್ಣ ಚೀಲದಷ್ಟು, ಆ ಮಿತಿ ಮುಟ್ಟಿತು. ಈ ವಯಸ್ಸಿಗೆ 78ಕ್ಕಿಂತ ಕೆಳಗಿಳಿದರೆ ಮಾತ್ರ ಮೇಲಿನ ಬಿಪಿ ಕಡಿಮೆ ಎನ್ನುತ್ತೇವೆ. ಆದರೆ ನಾಡಿ 150, ಬಿಪಿ 96 ಇದ್ದಾಗಲೇ ಅವುಗಳ ಅನುಪಾತ 1.56, 4ರಿಂದ 6 ವರ್ಷದವರಿಗೆ ಸೂಚಿಸಿದ ಗಡಿ 1.22. ಅಳುವ ಮಗುವಿನ ನಾಡಿಯೂ ಓಡುತ್ತದೆ, ನಿಜ. ಹಾಗಾಗಿ ಪಾದ ತಣ್ಣಗಿದೆಯೇ, ಉಗುರೊತ್ತಿ ಬಿಟ್ಟರೆ 2 ಸೆಕೆಂಡಿನಲ್ಲಿ ಕೆಂಪು ಮರಳುತ್ತದೆಯೇ, ಅಳು ನಿಂತು ಮಗು ಮಂಕಾಯಿತೇ ಎಂಬುದನ್ನು ಜೊತೆಗೇ ನೋಡಬೇಕು.

ಗಾಯವನ್ನು ಒತ್ತಿ ಹಿಡಿಯುವುದು ಮೊದಲ ಚಿಕಿತ್ಸೆ. ನಾಳ ಸಿಗದಿದ್ದರೆ ಮೊಣಕಾಲ ಕೆಳಗಿನ ಮೂಳೆಗೇ ಸೂಜಿ ಹಾಕಲು ಹಿಂಜರಿಯಬಾರದು. ಸಲೈನ್ ವಿಷಯದಲ್ಲಿ ಕೈ ಬಿಗಿ ಇರಲಿ: ಕಿಲೋಗೆ 20 ಮಿ.ಲೀ. ಎಂದರೆ ಈ ಮಗುವಿಗೆ 300. ಸ್ಟ್ಯಾಂಡಿಗೆ ತೂಗುಹಾಕಿದ 500ರ ಬಾಟಲಿ ತಾನಾಗಿ ಇಳಿಯಲು ಬಿಟ್ಟರೆ ರಕ್ತ ತೆಳುವಾಗುತ್ತದೆ, ಮೈ ತಣ್ಣಗಾಗುತ್ತದೆ, ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ಸಿರಿಂಜಿನಲ್ಲಿ ಎಳೆದು ಅಳೆದು ಕೊಡುವುದೇ ಸರಿ. ಅಷ್ಟಕ್ಕೂ ಚೇತರಿಸದಿದ್ದರೆ ಮತ್ತೆ ಸಲೈನ್ ಅಲ್ಲ, ಕಿಲೋಗೆ 10 ಮಿ.ಲೀ. ಕೆಂಪು ರಕ್ತಕಣ, ಬೆಚ್ಚಗೆ ಮಾಡಿ. ರಕ್ತ ಹೆಚ್ಚು ಬೇಕಾದರೆ ಪ್ಲಾಸ್ಮಾ, ಪ್ಲೇಟ್‌ಲೆಟ್, ಕ್ಯಾಲ್ಸಿಯಂ ಕೂಡ.

ರಕ್ತಸ್ರಾವ ತಗ್ಗಿಸುವ ಔಷಧಿ ಟ್ರಾನೆಕ್ಸಾಮಿಕ್ ಆಮ್ಲದ ಮೇಲಿನ 2010ರ ಕ್ರ್ಯಾಶ್-2 ಅಧ್ಯಯನ 20,000ಕ್ಕೂ ಹೆಚ್ಚು ವಯಸ್ಕರಲ್ಲಿ ನಡೆದದ್ದು. ಪೆಟ್ಟಾದ 3 ಗಂಟೆಯೊಳಗೆ ಕೊಟ್ಟರೆ ಲಾಭ, ಆಮೇಲೆ ಕೊಟ್ಟರೆ ಹಾನಿಯೂ ಆಗಬಹುದು. ಮಕ್ಕಳಿಗೆ ಕಿಲೋಗೆ 15 ಮಿ.ಗ್ರಾಂ. ಎಂಬ ಪ್ರಮಾಣ ತಜ್ಞರ ಒಮ್ಮತದಿಂದ ಬಂದದ್ದು. ನಮ್ಮ ಮಗುವಿಗೆ ಅದು 225 ಮಿ.ಗ್ರಾಂ., 10 ನಿಮಿಷದಲ್ಲಿ.

ಮೊದಲ ಗಂಟೆಯ ಈ ಕೆಲಸಕ್ಕೆ ದೊಡ್ಡ ಯಂತ್ರವೇನೂ ಬೇಡ. ರಕ್ತನಿಧಿಯಿಲ್ಲದ ನರ್ಸಿಂಗ್ ಹೋಮ್ ಮಗುವನ್ನು ಕಳಿಸುವ ಮೊದಲೇ ದೊಡ್ಡಾಸ್ಪತ್ರೆಗೆ ಫೋನಿನಲ್ಲಿ ತೂಕ ಹೇಳಿ ರಕ್ತ ಸಿದ್ಧವಿಡಲು ತಿಳಿಸಬೇಕು. ಚೀಟಿಯಲ್ಲಿ ಪೆಟ್ಟಾದ ಹೊತ್ತು, ಕೊಟ್ಟ ಸಲೈನ್ ಎಷ್ಟು ಮಿ.ಲೀ., ಟ್ರಾನೆಕ್ಸಾಮಿಕ್ ಕೊಟ್ಟ ಗಂಟೆ, ಇವಿಷ್ಟನ್ನು ಬರೆಯಬೇಕು.