ಫುಕುಶಿಮಾದ ಆ ಬಸ್ಸು

ಫುಕುಶಿಮಾ ಅಂದ ಕೂಡ್ಲೇ ಕಣ್ಮುಂದೆ ಬರೋದು ಹೊಗೆಯಾಡೋ ರಿಯಾಕ್ಟರ್. ಇವತ್ತು ನಾನು ಹೇಳಹೊರಟಿರೋದು ಒಂದು ಬಸ್ಸಿನ ಕತೆ.

2011ರ ಮಾರ್ಚ್ 11, ಭೂಕಂಪ, ಸುನಾಮಿ. ಮರುದಿನ ಸಂಜೆ ಅಣು ಸ್ಥಾವರದ ಸುತ್ತ 20 ಕಿಲೋಮೀಟರ್ ಖಾಲಿ ಮಾಡಿ ಅಂತ ಜಪಾನ್ ಸರ್ಕಾರದ ಆದೇಶ. ಸ್ಥಾವರಕ್ಕೆ ಹತ್ತಿರದ ಓಕುಮಾ ಪಟ್ಟಣದಲ್ಲಿ ಫುತಾಬಾ ಅನ್ನೋ ಆಸ್ಪತ್ರೆ ಇತ್ತು. ನಡೆದಾಡಬಲ್ಲವರು ಮೊದಲೇ ಹೊರಟರು. ಹಾಸಿಗೆ ಹಿಡಿದ ವೃದ್ಧರು ಉಳಿದರು. 14ರಂದು ಅವರಲ್ಲಿ ಹಲವರನ್ನು ಬಸ್ಸಿಗೆ ಹತ್ತಿಸಿದ್ರು. ಮೊದಲು ಉತ್ತರಕ್ಕೆ, ಮಿನಾಮಿಸೋಮಾಗೆ. ಯಾಕೆ ಗೊತ್ತಾ? ಮೈಮೇಲೆ ವಿಕಿರಣದ ಧೂಳು ಅಂಟಿದೆಯಾ ಅಂತ ತಪಾಸಣೆಗೆ! ಆಮೇಲೆ ಸುತ್ತಿ ಬಳಸಿ ದಕ್ಷಿಣದ ಇವಾಕಿಯ ಒಂದು ಹೈಸ್ಕೂಲಿಗೆ. 200 ಕಿಲೋಮೀಟರ್ ಮೀರಿದ ದಾರಿ, ಹತ್ತು ಗಂಟೆ ಹತ್ತಿರ ಪ್ರಯಾಣ. ಕೆಲವರು ಬಸ್ಸಲ್ಲೇ ತೀರಿಕೊಂಡರು. ಈ ಸ್ಥಳಾಂತರದಲ್ಲಿ ಮತ್ತು ಅದರ ಬೆನ್ನಿಗೇ ಸತ್ತ ರೋಗಿಗಳು 40ಕ್ಕೂ ಹೆಚ್ಚು. ಕಾರಣ ವಿಕಿರಣ ಅಲ್ಲ. ಆರೈಕೆ ತಪ್ಪಿಹೋಗಿತ್ತು, ಅಷ್ಟೇ.

ಹಾಗಂತ ಯಾರನ್ನೂ ಕಳಿಸಲೇಬಾರದಿತ್ತಾ? ಹಾಗೆ ನಾನು ಹೇಳಲ್ಲ. ಆ ದಿನಗಳಲ್ಲಿ ಸ್ಥಾವರದ ಕಟ್ಟಡಗಳು ಒಂದಾದ ಮೇಲೊಂದು ಸ್ಫೋಟಿಸ್ತಿದ್ವು. ಮಕ್ಕಳನ್ನು, ಗಟ್ಟಿಮುಟ್ಟಾದವರನ್ನು ದೂರ ಕಳಿಸಿದ್ದು ಸರಿಯೇ. ಆದರೆ ಎದ್ದು ಕೂರಲಾರದ ಎಂಬತ್ತರ ಅಜ್ಜಿಗೆ, ಎಷ್ಟೋ ವರ್ಷಗಳ ನಂತರ ಬರಬಹುದಾದ ಕ್ಯಾನ್ಸರ್ ದೊಡ್ಡದೋ, ಈ ರಾತ್ರಿಯ ಚಳಿ ದೊಡ್ಡದೋ? ಈ ಲೆಕ್ಕ ಹಾಕೋಕೆ ಯಾರಿಗೂ ಪುರುಸೊತ್ತಿರಲಿಲ್ಲ.

ಮಿನಾಮಿಸೋಮಾದ್ದೇ ಇನ್ನೊಂದು ಉದಾಹರಣೆ ನೋಡಿ. ಅಲ್ಲಿನ ಐದು ವೃದ್ಧಾಶ್ರಮಗಳ ಅಧ್ಯಯನ 2013ರಲ್ಲಿ ಪ್ರಕಟವಾಯ್ತು. ಸ್ಥಳಾಂತರದ ನಂತರ ಸಾವಿನ ಪ್ರಮಾಣ ಮೊದಲಿಗಿಂತ ಸುಮಾರು 2.7 ಪಟ್ಟು. ಆದ್ರೆ ಐದೂ ಕಡೆ ಒಂದೇ ಥರ ಇರಲಿಲ್ಲ. ಎಲ್ಲಿ ಆರೈಕೆ ಕೆಡದಂತೆ ನೋಡಿಕೊಂಡರೋ ಅಲ್ಲಿ ಸಾವು ಅಷ್ಟು ಏರಲಿಲ್ಲ.

ಇನ್ನು ವಿಕಿರಣದ ಅಳತೆ, ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ಪ್ರಪಂಚದ ಸರಾಸರಿ ಮನುಷ್ಯನಿಗೆ ವರ್ಷಕ್ಕೆ ಸುಮಾರು 2.4 ಸಿಗುತ್ತೆ. ಜಪಾನ್ ಶುದ್ಧೀಕರಣಕ್ಕೆ ಇಟ್ಟುಕೊಂಡ ದೂರದ ಗುರಿ, ಇದರ ಮೇಲೆ ಬರೀ 1. ಗುರಿ ಅಂತ ಇಟ್ಟ ಆ ಸಂಖ್ಯೆಯನ್ನೇ ಜನ ಅಪಾಯದ ಗೆರೆ ಅಂದುಕೊಂಡ್ರು. ಊರಿಗೆ ಮರಳೋಕೆ ಹೆದರಿದವರು ಎಷ್ಟೋ.

ಸ್ಥಾವರದ ಒಬ್ಬ ಕಾರ್ಮಿಕನ ಕ್ಯಾನ್ಸರ್ ಸಾವಿಗೆ ವಿಕಿರಣ ಕಾರಣ ಅಂತ 2018ರಲ್ಲಿ ಸರ್ಕಾರ ಒಪ್ಪಿ ಪರಿಹಾರ ಕೊಟ್ಟಿತು. ಸುತ್ತಲಿನ ನಿವಾಸಿಗಳಲ್ಲಿ ವಿಕಿರಣದಿಂದಲೇ ಆಯ್ತು ಅನ್ನಬಹುದಾದ ಕಾಯಿಲೆ ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಗೆ ಕಂಡುಬರಲಿಲ್ಲ. ಆದರೆ ಮನೆ ಬಿಟ್ಟ ಬವಣೆಯಿಂದ, ದುರಂತದ ಒತ್ತಡದಿಂದ ಸತ್ತವರು ಅಂತ ಫುಕುಶಿಮಾ ಪ್ರಾಂತ್ಯ ದಾಖಲಿಸಿರೋದು 2,300ಕ್ಕೂ ಹೆಚ್ಚು ಜನರನ್ನು. ಅಲ್ಲಿ ಸುನಾಮಿ, ಭೂಕಂಪ ನೇರವಾಗಿ ಕೊಂದವರ ಸಂಖ್ಯೆ ಅದಕ್ಕಿಂತ ಕಡಿಮೆ.